ಕಾರ್ಪೆಟ್ಟಿನ ಕೆಳಗೆ ಹರಿದ ವಿದ್ಯುತ್

ವಿದ್ಯುತ್ ತಂತಿ ಎಂದೊಡನೆ ನಿಮಗೆ ನೆನಪಾಗುವುದು ಗೋಡೆ, ಚಾವಣಿ. ಆದರೆ ನಡುಗೋಡೆಗಳೇ ಇಲ್ಲದ ವಿಶಾಲ ಕಚೇರಿಯಲ್ಲಿ ಮೇಜಿನ ಜಾಗ ಬದಲಾದಾಗಲೆಲ್ಲ ಕಾಂಕ್ರೀಟ್ ನೆಲವನ್ನು ಅಗೆಯಲಾದೀತೇ?

ಅಮೆರಿಕದಲ್ಲಿ ಇದಕ್ಕೆ ಒದಗಿದ್ದು ಬಾಹ್ಯಾಕಾಶ ತಂತ್ರಜ್ಞಾನ. ತೂಕ, ಜಾಗ ಉಳಿಸಲೆಂದು ನಾಸಾದ ಮಾರ್ಷಲ್ ಕೇಂದ್ರ ಅಭಿವೃದ್ಧಿಪಡಿಸಿದ ಚಪ್ಪಟೆ ಕೇಬಲನ್ನು 1970ರ ದಶಕದಲ್ಲಿ ಕಟ್ಟಡಗಳಿಗೂ ಅಳವಡಿಸುವ ಯತ್ನ ನಡೆಯಿತು. ಇದರಲ್ಲಿ ತಾಮ್ರದ ತೆಳು ಪಟ್ಟಿಗಳು ಪ್ಲಾಸ್ಟಿಕ್ ಹೊದಿಕೆಯೊಳಗೆ ಪಕ್ಕಪಕ್ಕದಲ್ಲಿರುತ್ತವೆ.

ತುಳಿಯುವ ಜಾಗದಲ್ಲಿ ತಂತಿ ಎಂದರೆ ಅಪಾಯವಲ್ಲವೇ? ಹೌದು. ಆದ್ದರಿಂದಲೇ 1981ರಲ್ಲಿ ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆ ಷರತ್ತುಗಳೊಡನೆ ಒಪ್ಪಿತು. ಮೇಲೆ ಭೂಸಂಪರ್ಕವಿರುವ ಲೋಹದ ಕವಚ ಬೇಕಿತ್ತು. ಮೊಳೆ ಚುಚ್ಚಿದರೂ ವಿದ್ಯುತ್ ಭೂಮಿಗೆ ಹರಿದು ಬ್ರೇಕರ್ ಕಡಿದುಕೊಳ್ಳುತ್ತದೆ. ಕಾರ್ಪೆಟ್ಟು ಎತ್ತಿ ನೋಡಬಲ್ಲ ಚೌಕಗಳಾಗಿರಬೇಕಿತ್ತು. ಮನೆ, ತರಗತಿ ಕೋಣೆಗಳಲ್ಲಿ ಇದಕ್ಕೆ ನಿಷೇಧವಿತ್ತು. ಏಕಿರಬಹುದು? ಗೆಳೆಯರೊಡನೆ ಚರ್ಚಿಸಿ.