ಸೂಜಿರಂಧ್ರದ ಪೆಟ್ಟಿಗೆಯೂ ಕ್ಷಣಚಿತ್ರದ ಹಾಳೆಯೂ

ಬುಕ್ಕಾಂಬುಧಿಯೆಂಬ ಹೆಸರಿನಲ್ಲಿ ಬುಕ್ಕನೂ ಇದ್ದಾನೆ, ಅಂಬುಧಿಯೂ ಇದೆ. ಬುಕ್ಕನೆಂದೊಡನೆ ವಿಜಯನಗರವು ನೆನಪಿಗೆ ಬರುವುದು ಸಹಜ. ಆ ರಾಜಧಾನಿಯಾದ ಹಂಪೆಯಲ್ಲಿ ವಿರೂಪಾಕ್ಷನ ಗುಡಿಗೆ ಹೋದವರು, ಅಲ್ಲಿನ ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ ಪೂರ್ವದ ಮಹಾಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುವುದನ್ನು ಕಂಡು ಬೆರಗಾಗುತ್ತಾರೆ. ಇದರಲ್ಲಿ ಮಾಯೆಯೇನೂ ಇಲ್ಲ. ಬೆಳಕು ನೇರವಾಗಿ ಹರಿಯತಕ್ಕದ್ದು. ಶಿಖರದಿಂದ ಹೊರಟ ಕಿರಣವು ಕಿಂಡಿಯನ್ನು ದಾಟಿ ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಹೋಗುವುದರಿಂದ ಬಿಂಬವು ತಿರುಗುಮುರುಗಾಗುತ್ತದೆ. ಗೋಡೆಯ ಸ್ಥಾನದಲ್ಲಿ ಬೆಳಕಿಗೆ ಮಾರ್ಪಡುವ ಹಾಳೆಯೊಂದನ್ನಿಟ್ಟರೆ ಅದೇ ಸೂಜಿರಂಧ್ರದ ಛಾಯಾಚಿತ್ರ.

ಆ ಹಾಳೆಯನ್ನು ಒದಗಿಸಿಕೊಳ್ಳುವುದೇ ಈ ವಿದ್ಯೆಯ ಕಷ್ಟದ ಭಾಗ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮಸೂರವುಳ್ಳ ದೊಡ್ಡ ಪೆಟ್ಟಿಗೆಯೊಡನೆ ಹಂಪೆಯ ಪಾಳುಗುಡಿಗಳ ಚಿತ್ರಗಳನ್ನು ತೆಗೆದನು. ಆತನು ಬಳಸಿದ್ದು ಮೇಣ ಹಿಡಿಸಿದ ಕಾಗದ. ಅಂದಿನ ಛಾಯಾಗ್ರಾಹಕನು ಕಾಗದಕ್ಕೆ ಬೆಳ್ಳಿಯ ಲವಣವನ್ನು ತಾನೇ ಹತ್ತಿಸಿ, ತಾನೇ ತೊಳೆದು ಬಿಂಬವನ್ನು ಬರಿಸಿಕೊಳ್ಳಬೇಕಾಗಿತ್ತು. ಶ್ರಮವೇನೋ ಹೆಚ್ಚು, ಆದರೆ ಒಂದು ಕಾರ್ಖಾನೆ ಬಾಗಿಲು ಮುಚ್ಚಿತೆಂದು ಆತನ ಕೈ ಕಟ್ಟಿಹೋಗುತ್ತಿರಲಿಲ್ಲ.

ಈ ಶ್ರಮವನ್ನೆಲ್ಲ ನುಂಗಿದ ಯುಕ್ತಿಯನ್ನು ಅಮೆರಿಕದ ಎಡ್ವಿನ್ ಲ್ಯಾಂಡನು 1947ರಲ್ಲಿ ವಿದ್ವಾಂಸರ ಮುಂದೆ ಪ್ರದರ್ಶಿಸಿದನು; 1948ರಲ್ಲಿ ಅದು ಅಂಗಡಿಗೆ ಬಂದಿತು. ಹಾಳೆಯ ಅಂಚಿನಲ್ಲೇ ರಸವನ್ನು ತುಂಬಿದ ಪುಟ್ಟ ಚೀಲವಿರುತ್ತದೆ. ಹಾಳೆಯನ್ನು ಎರಡು ಉರುಳೆಗಳ ನಡುವೆ ಎಳೆದರೆ ಚೀಲವು ಒಡೆದು ರಸವು ಹರಡಿ, ಸ್ವಲ್ಪ ಹೊತ್ತಿನಲ್ಲಿ ಚಿತ್ರವು ಮೂಡುತ್ತದೆ. 1961ರಲ್ಲಿ ಪೋಲರಾಯ್ಡ್ ಸಂಸ್ಥೆಯು ಹೊರಡಿಸಿದ 55ನೆಯ ಮಾದರಿಯು 4 ಅಂಗುಲ ಅಗಲ 5 ಅಂಗುಲ ಉದ್ದದ ಪೆಟ್ಟಿಗೆಗಳಿಗೆ ಚಿತ್ರವನ್ನೂ ಅದರ ನೆಗೆಟಿವನ್ನೂ ಒಟ್ಟಿಗೆ ಕೊಡುತ್ತಿತ್ತು.

ಸೂಜಿರಂಧ್ರದವರಿಗೆ ಇದು ವರಪ್ರಸಾದವಾಯಿತು. ರಂಧ್ರವು ಅರ್ಧ ಮಿಲಿಮೀಟರು, ಹಾಳೆಯವರೆಗಿನ ದೂರವು 150 ಮಿಲಿಮೀಟರು ಎಂದಿಟ್ಟುಕೊಂಡರೆ, 100ರ ವೇಗದ ಫಿಲ್ಮಿಗೆ ಕಡುಬಿಸಿಲಿನಲ್ಲಿಯೂ ಮೂರು ನಾಲ್ಕು ಸೆಕೆಂಡು ಬೆಳಕು ಬೇಕು. ನೆರಳಿನಲ್ಲಿ ಇನ್ನೂ ಎಷ್ಟೋ ಹೆಚ್ಚು. ಲೆಕ್ಕ ತಪ್ಪಿದುದು ಸ್ಥಳದಲ್ಲಿಯೇ ತಿಳಿದರೆ ತಿದ್ದಿಕೊಳ್ಳಬಹುದು.

ಆದರೆ ಸಂಖ್ಯಾರೂಪದ ಕ್ಯಾಮರಾಗಳು ಬಂದ ಮೇಲೆ ಈ ಹಾಳೆಯನ್ನು ಕೇಳುವವರು ಕಡಿಮೆಯಾದರು. 2008ರಲ್ಲಿ ಪೋಲರಾಯ್ಡ್ ಸಂಸ್ಥೆಯು ಕ್ಷಣಚಿತ್ರದ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಜಪಾನಿನ ಫ್ಯೂಜಿ ಸಂಸ್ಥೆಯು 3000ದ ವೇಗದ ಕಪ್ಪುಬಿಳುಪಿನ ಎಫ್‌ಪಿ-3000ಬಿ ಯನ್ನು 2013ರಲ್ಲಿಯೂ, ಬಣ್ಣದ ಎಫ್‌ಪಿ-100ಸಿ ಯನ್ನು 2016ರಲ್ಲಿಯೂ ಕೈಬಿಟ್ಟಿತು. 55ನೆಯ ಮಾದರಿಯನ್ನು ಹೋಲುವ ಹಾಳೆಯನ್ನು ಮಾಡಲು ನ್ಯೂ55 ಎಂಬ ಸಣ್ಣ ಸಂಸ್ಥೆಯೊಂದು 2014ರಲ್ಲಿ ಜನರಿಂದ ಮುಂಗಡ ಹಣವನ್ನು ಕೂಡಿಸಿ ಶ್ರಮಿಸಿತು. 2017ರ ಕೊನೆಗೆ ಅದೂ ನಿಂತಿತು.

ಶಾಸ್ತ್ರಕಾರರು ಸೂಚೀಕಟಾಹನ್ಯಾಯವೆಂದು ಹೇಳುವುದುಂಟು: ಸೂಜಿಯನ್ನೂ ಕೊಪ್ಪರಿಗೆಯನ್ನೂ ಮಾಡಬೇಕಾದ ಕಮ್ಮಾರನು ಸುಲಭವಾದ ಸೂಜಿಯನ್ನೇ ಮೊದಲು ಮುಗಿಸುತ್ತಾನೆ. ಇಲ್ಲಿ ಆ ನ್ಯಾಯವು ತಿರುವುಮುರುವಾಗಬೇಕು. ಸೂಜಿಯ ರಂಧ್ರವನ್ನು ಎಂದಾದರೂ ಕೊರೆಯಬಹುದು. ದುರ್ಲಭವಾದ ಫಿಲ್ಮನ್ನೇ ಮೊದಲು ಹುಡುಕಬೇಕು. ಹಳೆಯ ಪೋಲರಾಯ್ಡ್ 545 ಎಂಬ ಹೋಲ್ಡರು ಅಗ್ಗವಾಗಿ ದೊರೆತೀತು, ಅದರ ಉರುಳೆಗಳೂ ನುಣುಪಾಗಿದ್ದಾವು. ಆದರೆ ಅದು ಹಿಡಿಯುವ ಹಾಳೆಯೇ ಇಲ್ಲವಾದಾಗ, ಅದನ್ನು ಕೊಳ್ಳುವುದು ಬೀಜವಿಲ್ಲದವನು ಕೂರಿಗೆ ಕೊಂಡಂತೆ. ಉಳಿದಿರುವ ಹಳೆಯ ಫಿಲ್ಮಾದರೋ ದುಬಾರಿ. ವರ್ಷಗಳು ಕಳೆದಂತೆ ಚೀಲದ ರಸವು ಒಣಗಿ ಹಣವೂ ಬಿಸಿಲೂ ವ್ಯರ್ಥವಾಗುತ್ತವೆ.

ಹಾಗೆಂದು ದಾರಿ ಪೂರ್ಣವಾಗಿ ಮುಚ್ಚಿಲ್ಲ. ಫ್ಯೂಜಿಯವರ ಇನ್‌ಸ್ಟಾಕ್ಸ್ ವೈಡ್ ಎಂಬ 800ರ ವೇಗದ ಫಿಲ್ಮು ಮಾರಾಟದಲ್ಲಿದೆ. ಲೋಮೋಗ್ರಫಿ ಸಂಸ್ಥೆಯ ಲೋಮೋಗ್ರಾಫ್ಲಾಕ್ ಎಂಬ ಹಿಂಬದಿಯು ಈ ಫಿಲ್ಮನ್ನು 4×5 ಅಂಗುಲದ ಪೆಟ್ಟಿಗೆಗೆ ಹೊಂದಿಸುತ್ತದೆ. ಪೆಟ್ಟಿಗೆಗೆ ಗ್ರಾಫ್ಲಾಕ್ ಬಗೆಯ ಕೊಂಡಿಗಳಿರಬೇಕು, ಅಷ್ಟೆ. ಫಿಲ್ಮು ಕೂರುವ ಜಾಗವು ತುಸು ಬೇರೆಯಾದುದರಿಂದ ಮಸೂರವುಳ್ಳವರು ಸ್ಪಷ್ಟತೆಗಾಗಿ ಅಂತರವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ಸೂಜಿರಂಧ್ರದವರಿಗೆ ಆ ಗೋಜಿಲ್ಲ. ಚಿತ್ರವು ಮಾತ್ರ 62 ಮಿಲಿಮೀಟರು ಅಗಲ, 99 ಮಿಲಿಮೀಟರು ಉದ್ದಕ್ಕೆ ಕುಗ್ಗುತ್ತದೆ. ಪೂರ್ಣ ಅಳತೆಯೇ ಬೇಕೆಂಬವರು ಕ್ಷಣದ ಆಸೆಯನ್ನು ಬಿಟ್ಟು, ಮುದ್ರಣಕ್ಕೆ ಬಳಸುವ ಛಾಯಾಚಿತ್ರದ ಕಾಗದವನ್ನೇ ಪೆಟ್ಟಿಗೆಯೊಳಗಿಟ್ಟು, ಕೆಂಪು ದೀಪದ ಕೋಣೆಯಲ್ಲಿ ತೊಳೆದುಕೊಳ್ಳಬಹುದು. ಅದು ಗ್ರೀನ್‌ಲಾನ ಕಾಗದದ ನೆಗೆಟಿವಿಗೆ ಹತ್ತಿರದ ಬಂಧು.

ಆದ್ದರಿಂದ ಬುಕ್ಕಾಂಬುಧಿಯ ಕೆರೆಯನ್ನಾಗಲಿ ಅಮೃತಾಪುರದ ಗುಡಿಯನ್ನಾಗಲಿ ಈ ರೀತಿಯಲ್ಲಿ ಚಿತ್ರಿಸಬಯಸುವವರು, ಮೊದಲು ಫಿಲ್ಮು, ಅನಂತರ ಅದಕ್ಕೆ ತಕ್ಕ ಹೋಲ್ಡರು, ಕಡೆಗೆ ಪೆಟ್ಟಿಗೆ ಎಂಬ ಕ್ರಮವನ್ನು ಅನುಸರಿಸುವುದು ಲೇಸು. ಯಂತ್ರದ ಆಯುಸ್ಸು ಅದಕ್ಕೆ ಉಣಿಸುವ ಹಾಳೆಯ ಆಯುಸ್ಸಿಗಿಂತ ದೊಡ್ಡದಲ್ಲ. ರಂಧ್ರಕ್ಕೂ ಬೆಳಕಿಗೂ ಮಾತ್ರ ಅಂಗಡಿಯ ಹಂಗಿಲ್ಲ.