ಕರ್ನಾಟಕ – ವಿದರ್ಭ: ಮುಂದಿನ ಪಂದ್ಯಕ್ಕೆ ಮುನ್ನ

ರಣಜಿ ಪಂದ್ಯಾವಳಿಯಲ್ಲಿ ಕರ್ನಾಟಕ ಮತ್ತು ವಿದರ್ಭ ತಂಡಗಳು ಮತ್ತೆ ಎದುರಾಗುವ ದಿನ ಇಂದಲ್ಲ ನಾಳೆ ಬಂದೇ ಬರುತ್ತದೆ. ಅಂದು ನಾಗಪುರದ ಕನ್ನಡಿಗರಿಗೆ ನೆರೆಯ ಮರಾಠಿ ಮಿತ್ರರಿಂದ ಒಂದು ಪ್ರಶ್ನೆ ತಪ್ಪಿದ್ದಲ್ಲ: “ನೀವು ಯಾರ ಕಡೆ?” ಕೇಳುವವರು ನಗುತ್ತಲೇ ಕೇಳುತ್ತಾರೆ. ಉತ್ತರ ಹೇಳಬೇಕಾದವರಿಗೆ ಮಾತ್ರ ಅದು ಅಷ್ಟು ಹಗುರವಾದ ಪ್ರಶ್ನೆಯಲ್ಲ. ಹುಟ್ಟಿದ ನಾಡು ಒಂದು, ಅನ್ನ ಕೊಟ್ಟ ಊರು ಇನ್ನೊಂದು ಆದವರ ಪಾಡೇ ಹೀಗೆ.

2017ರ ಡಿಸೆಂಬರ್ 21ರ ಬೆಳಿಗ್ಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಈ ಸಂಕಟ ಅರ್ಥವಾದೀತು. ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಇವೆರಡು ತಂಡಗಳ ಸೆಮಿಫೈನಲ್ ಪಂದ್ಯದ ಕೊನೆಯ ದಿನ. ಕರ್ನಾಟಕಕ್ಕೆ ಬೇಕಾಗಿದ್ದುದು 87 ರನ್ನು, ಉಳಿದಿದ್ದುದು ಮೂರು ವಿಕೆಟ್ಟು. ನಾಯಕ ವಿನಯ್ ಕುಮಾರ್, ಶ್ರೇಯಸ್ ಗೋಪಾಲ್, ಮಿಥುನ್ ಇವರು ಒಂದೊಂದೇ ರನ್ನು ಕೂಡಿಸುತ್ತ ಗೆಲುವನ್ನು ಕೈಗೆಟಕುವಷ್ಟು ಹತ್ತಿರ ತಂದಿದ್ದರು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಗಿದ್ದೂ ತಿಳಿಯಲಿಲ್ಲ. ಇನ್ನು ಆರೇ ರನ್ನು ಬೇಕೆನ್ನುವಾಗ ರಜನೀಶ್ ಗುರ್ಬಾನಿ ಕೊನೆಯ ವಿಕೆಟ್ಟನ್ನು ಕಿತ್ತರು. ಐದು ರನ್ನುಗಳ ಸೋಲು! ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗ ಕುಣಿದಾಡಿದ. ಅವನು ಇಲ್ಲೇ ಹುಟ್ಟಿ ಬೆಳೆದವನು. ನಾನು ಮಾತಾಡದೆ ಟಿ.ವಿ. ಆರಿಸಿಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲನೆ ಬಂದು ಕೇಳಿದ: “ಅಜ್ಜಾ, ವಿದರ್ಭದ ಗಣೇಶ್ ಸತೀಶ್ ಕನ್ನಡದವರೇ ಅಲ್ಲವಾ? ಮತ್ತೆ ನಾನು ವಿದರ್ಭಕ್ಕೆ ಚಪ್ಪಾಳೆ ತಟ್ಟಿದರೆ ನಿಮಗ್ಯಾಕೆ ಸಿಟ್ಟು?”

ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಪಂದ್ಯಕ್ಕೆ ಮೊದಲು ಆ ಉತ್ತರವನ್ನು ಹುಡುಕಿಕೊಳ್ಳೋಣವೆಂದು ಈ ಲೇಖನ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡ ನಾಡಿಗೂ ವಿದರ್ಭಕ್ಕೂ ನಂಟು ನಿನ್ನೆ ಮೊನ್ನೆಯದಲ್ಲ. ಸೀತಾಬರ್ಡಿ ಶಾಸನವೆಂದು ಹೆಸರಾದ ಶಿಲಾಲೇಖ ಶಕ 1008ರದು, ಅಂದರೆ ಕ್ರಿ.ಶ. 1087. ಅದು ಹೆಸರಿಸುವ ಚಕ್ರವರ್ತಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ನಾವು ಇಂದು ಸೀರೆ, ಪಾತ್ರೆ ಕೊಳ್ಳಲು ಹೋಗುವ ಸೀತಾಬರ್ಡಿಯ ಹೆಸರು ಬೀದರ್ ಜಿಲ್ಲೆಯ ಬಸವಕಲ್ಯಾಣದ ಚರಿತ್ರೆಯೊಡನೆ ಹೀಗೆ ಹೆಣೆದುಕೊಂಡಿದೆ. ಈ ಎರಡು ಸೀಮೆಗಳ ನಡುವೆ ಜನ ಹೋಗಿ ಬಂದು ಮಾಡುವುದು ಹಳೆಯ ರೂಢಿಯೇ.

ಇನ್ನು ಆಟದ ಮಾತು. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕ್ ಮೈದಾನದಲ್ಲಿ. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು ಮೊದಲು 48, ಆಮೇಲೆ 59 ರನ್ನಿಗೆ ಉರುಳಿತು. ಮದರಾಸು 130 ಹೊಡೆದು ಒಂದೇ ದಿನದಲ್ಲಿ ಇನ್ನಿಂಗ್ಸ್ ಮತ್ತು 23 ರನ್ನುಗಳಿಂದ ಗೆದ್ದಿತು. ಇಂದು ಎಂಟು ಸಲ ರಣಜಿ ಗೆದ್ದವರೆಂದು ಬೀಗುವ ನಾವು ಈ ಆರಂಭವನ್ನು ಮರೆಯಬಾರದು. ಇತ್ತ ನಾಗಪುರ ಆಗ ಸಿ.ಪಿ. ಮತ್ತು ಬೇರಾರ್ ಪ್ರಾಂತದ ರಾಜಧಾನಿ. ಈ ಊರಿನಲ್ಲಿ 1895ರಲ್ಲಿ ಹುಟ್ಟಿ, ಇಲ್ಲಿಯ ಹಿಸ್ಲಾಪ್ ಕಾಲೇಜಿನಲ್ಲಿ ಓದಿದ ಸಿ.ಕೆ. ನಾಯುಡು ಅವರು 1932ರಲ್ಲಿ ಭಾರತದ ಮೊದಲ ಟೆಸ್ಟ್ ನಾಯಕರಾದರು. ಅವರ ಮನೆಮಾತು ತೆಲುಗು. ಹೆಸರು ಮಾಡಿದ್ದು ಇಂದೋರಿನ ಹೋಳ್ಕರ್ ತಂಡದಲ್ಲಿ. ಹೊರಗಿನಿಂದ ಬಂದ ಮನೆತನದವರು ಈ ಊರಿಗೆ ಕೀರ್ತಿ ತಂದದ್ದಕ್ಕೂ, ಈ ಊರಿನವರು ಹೊರಗೆ ಹೋಗಿ ಬೆಳಗಿದ್ದಕ್ಕೂ ಅವರೊಬ್ಬರೇ ಸಾಕ್ಷಿ.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಎರಡೂ ಕಡೆ ನಕ್ಷೆಯನ್ನು ಬದಲಾಯಿಸಿತು. ನಮಗೆ ಅದು ಒಡೆದ ಮನೆ ಒಂದಾದ ದಿನ. ನಾಗಪುರಕ್ಕೆ ಅದು ರಾಜಧಾನಿಯ ಪಟ್ಟ ಕಳೆದುಕೊಂಡ ದಿನ. ವಿದರ್ಭ ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿತು. ಆದರೆ ಆಟದ ಅಂಗಳದಲ್ಲಿ ವಿದರ್ಭ ತನ್ನ ಹೆಸರನ್ನು ಬಿಡಲಿಲ್ಲ. 1957-58ರಿಂದ ಅದು ಸ್ವಂತ ತಂಡ ಕಟ್ಟಿಕೊಂಡು ರಣಜಿಯಲ್ಲಿ ಆಡುತ್ತ ಬಂದಿದೆ. ಮುಂಬಯಿ, ಮಹಾರಾಷ್ಟ್ರ, ವಿದರ್ಭ ಎಂದು ಒಂದೇ ರಾಜ್ಯಕ್ಕೆ ಮೂರು ತಂಡಗಳಿರುವುದನ್ನು ಕಂಡು ನಮ್ಮೂರಿನಿಂದ ಬಂದ ನೆಂಟರು ಬೆರಗಾಗುತ್ತಾರೆ. ಇಲ್ಲಿ ನಾಲ್ಕು ದಿನ ಇದ್ದವರಿಗೆ ಅದರ ಹಿಂದಿನ ಅಭಿಮಾನ ತಾನಾಗಿಯೇ ತಿಳಿಯುತ್ತದೆ.

ಮೈಸೂರು ತಂಡ ಕರ್ನಾಟಕ ಎಂಬ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲಿಯೇ, ಅಂದರೆ 1973-74ರಲ್ಲಿ, ಪ್ರಶಸ್ತಿ ಗೆದ್ದಿತು. ಸತತವಾಗಿ ಹದಿನೈದು ವರ್ಷ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ತಡೆದು ನಿಲ್ಲಿಸಿದ್ದು ಪ್ರಸನ್ನರ ನಾಯಕತ್ವದ ತಂಡ. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳ ಕಥೆಯನ್ನು ನನ್ನ ವಯಸ್ಸಿನವರು ಇಂದಿಗೂ ಚಪ್ಪರಿಸಿಕೊಂಡು ಹೇಳುತ್ತಾರೆ. ಆ ದಿನಗಳಲ್ಲಿ ನಮಗೆ ವಿದರ್ಭ ಒಂದು ಎದುರಾಳಿ ಎನಿಸಿರಲೇ ಇಲ್ಲ. ವಲಯವಾರು ಆಟದಲ್ಲಿ ನಾವು ದಕ್ಷಿಣದಲ್ಲಿ, ಅವರು ಮಧ್ಯದಲ್ಲಿ, ಮುಖಾಮುಖಿಯಾಗುವುದೇ ಅಪರೂಪ. ಇಲ್ಲಿಯ ಸಿವಿಲ್ ಲೈನ್ಸ್ ಮೈದಾನದಲ್ಲಿ 1969ರಿಂದ ಟೆಸ್ಟ್ ಪಂದ್ಯಗಳು ನಡೆದವು, ಆದರೆ ವಿದರ್ಭದ ಆಟಗಾರನೊಬ್ಬ ಟೆಸ್ಟ್ ಟೋಪಿ ಧರಿಸಲು 2011ರವರೆಗೆ ಕಾಯಬೇಕಾಯಿತು. ನಾಗಪುರದ ಪಕ್ಕದ ಖಾಪರಖೇಡಾದಲ್ಲಿ ಬೆಳೆದ, ಕಲ್ಲಿದ್ದಲ ಗಣಿಯ ಕಾರ್ಮಿಕರ ಮಗ ಉಮೇಶ್ ಯಾದವ್ ಆ ಗೌರವ ಪಡೆದರು.

ಅರವತ್ತು ವರ್ಷ ಸೋಲುತ್ತಲೇ ಬಂದ ತಂಡ ಒಮ್ಮೆಗೇ ಹೇಗೆ ಎದ್ದು ನಿಂತಿತು? ವಸತಿ ಸಹಿತವಾದ ಅಕಾಡೆಮಿ ಕಟ್ಟಿ ಸಣ್ಣ ಊರುಗಳ ಹುಡುಗರನ್ನು ತಂದು ತಿದ್ದಿದ್ದು ಒಂದು ಕಾರಣ. ಚಂದ್ರಕಾಂತ ಪಂಡಿತರಂಥ ಕಟ್ಟುನಿಟ್ಟಿನ ಗುರುವನ್ನು ಕರೆತಂದದ್ದು ಇನ್ನೊಂದು. ಮೂರನೆಯದು ನಮ್ಮ ವಿಷಯಕ್ಕೆ ಮುಖ್ಯವಾದದ್ದು: ಹೊರಗಿನ ಅನುಭವಿಗಳನ್ನು ಮನಸಾರೆ ಬರಮಾಡಿಕೊಂಡದ್ದು. ಮುಂಬಯಿಯಿಂದ ವಾಸಿಂ ಜಾಫರ್ ಬಂದರು. ದಾವಣಗೆರೆಯಲ್ಲಿ ಹುಟ್ಟಿ ಕರ್ನಾಟಕಕ್ಕೆ ಆಡಿದ್ದ ಗಣೇಶ್ ಸತೀಶ್ ಬಂದರು.

ಈಗ ಆ ಕಲ್ಕತ್ತೆಯ ಪಂದ್ಯದ ಲೆಕ್ಕವನ್ನು ನೋಡಿ. ವಿದರ್ಭ ಮೊದಲು 185ಕ್ಕೆ ಮುಗ್ಗರಿಸಿತು. ಕರ್ನಾಟಕ 301 ಮಾಡಿತು. ಅದರಲ್ಲಿ ಕರುಣ್ ನಾಯರ್ ಒಬ್ಬರದೇ 153. ಎರಡನೆಯ ಸರದಿಯಲ್ಲಿ ವಿದರ್ಭ 313 ಗಳಿಸಿತು. ಆ ಮೊತ್ತಕ್ಕೆ ಬೆನ್ನೆಲುಬಾದದ್ದು ಗಣೇಶ್ ಸತೀಶರ 81. 198ರ ಗುರಿ ಬೆನ್ನಟ್ಟಿದ ಕರ್ನಾಟಕ 192ಕ್ಕೆ ನಿಂತಿತು. ಗುರ್ಬಾನಿ ಪಂದ್ಯದಲ್ಲಿ ಹನ್ನೆರಡು ವಿಕೆಟ್ ಪಡೆದರು. ಐದೇ ರನ್ನುಗಳ ಪಂದ್ಯದಲ್ಲಿ ಒಬ್ಬ ಕನ್ನಡಿಗನ 81 ರನ್ನು ಎಷ್ಟು ತೂಕದ್ದೆಂದು ಬೇರೆ ಹೇಳಬೇಕೆ? ಮುಂದೆ ಇಂದೋರಿನಲ್ಲಿ ದಿಲ್ಲಿಯನ್ನು ಸೋಲಿಸಿ 2018ರ ಜನವರಿ 1ರಂದು ವಿದರ್ಭ ಮೊದಲ ಸಲ ರಣಜಿ ಗೆದ್ದಿತು. ಮರು ವರ್ಷ ನಾಗಪುರದಲ್ಲಿಯೇ ಸೌರಾಷ್ಟ್ರವನ್ನು ಸೋಲಿಸಿ ಪ್ರಶಸ್ತಿ ಉಳಿಸಿಕೊಂಡಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕಲ್ಕತ್ತೆಯಲ್ಲಿ ಕರ್ನಾಟಕಕ್ಕೆ 153 ಹೊಡೆದಿದ್ದ ಕರುಣ್ ನಾಯರ್ ಮುಂದೆ ಕರ್ನಾಟಕ ತಂಡದಲ್ಲಿ ಸ್ಥಾನ ಉಳಿಯದೆ ಕಂಗೆಟ್ಟರು. 2015ರ ರಣಜಿ ಫೈನಲಿನಲ್ಲಿ 328, 2016ರ ಚೆನ್ನೈ ಟೆಸ್ಟಿನಲ್ಲಿ ಅಜೇಯ 303 ಹೊಡೆದವರು 2022ರ ಡಿಸೆಂಬರಿನಲ್ಲಿ ತನಗೆ ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಬಹಿರಂಗವಾಗಿ ಬೇಡಿಕೊಂಡಿದ್ದರು. ಆ ಅವಕಾಶ ಕೊಟ್ಟದ್ದು ವಿದರ್ಭ, 2023ರಲ್ಲಿ. 2024ರ ಫೆಬ್ರವರಿಯಲ್ಲಿ ನಾಗಪುರದ ಕ್ವಾರ್ಟರ್ ಫೈನಲಿನಲ್ಲಿ ಅವರು ಕರ್ನಾಟಕದ ವಿರುದ್ಧವೇ 90 ರನ್ನು ಮಾಡಿದರು. ವಿದರ್ಭ 460 ಮತ್ತು 196. ಕರ್ನಾಟಕ 286 ಮತ್ತು 243. ಸೋಲಿನ ಅಂತರ 127. ಮರು ವರ್ಷ ಜನವರಿಯಲ್ಲಿ ವಡೋದರಾದಲ್ಲಿ ವಿಜಯ್ ಹಜಾರೆ ಟ್ರೋಫಿಯ ಫೈನಲ್. ಸ್ಮರಣ್ ರವಿಚಂದ್ರನ್ ಅವರ ಶತಕದ ಬಲದಿಂದ 348 ಮಾಡಿದ ಕರ್ನಾಟಕ, ಕರುಣ್ ನಾಯಕರಾಗಿದ್ದ ವಿದರ್ಭವನ್ನು 36 ರನ್ನುಗಳಿಂದ ಸೋಲಿಸಿ ಸೇಡು ತೀರಿಸಿಕೊಂಡಿತು.

ಆ ಮಾರ್ಚಿನಲ್ಲಿ ಜಾಮಠಾ ಮೈದಾನದಲ್ಲಿ ಮುಗಿದ ರಣಜಿ ಫೈನಲ್ ಅಂತೂ ನಮ್ಮ “ಯಾರ ಕಡೆ” ಎಂಬ ಪ್ರಶ್ನೆಯನ್ನೇ ಅಣಕಿಸುವಂತಿತ್ತು. ವಿದರ್ಭಕ್ಕೆ ಎದುರಾಳಿ ಕೇರಳ. ವಿದರ್ಭಕ್ಕೆ 86 ಮತ್ತು 135 ರನ್ನು ಹೊಡೆದು ಮೂರನೆಯ ಪ್ರಶಸ್ತಿಗೆ ನೆರವಾದವರು ಮಲೆಯಾಳಿ ಮನೆತನದ, ಜೋಧಪುರದಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ಪಳಗಿದ ಕರುಣ್ ನಾಯರ್. ಕೇರಳಕ್ಕಾಗಿ 79 ರನ್ನು ಮಾಡಿ ಹೋರಾಡಿದವರು ಒಂದು ವರ್ಷ ಹಿಂದಿನವರೆಗೆ ವಿದರ್ಭದ ನೆಚ್ಚಿನ ಎಡಗೈ ಸ್ಪಿನ್ನರ್ ಆಗಿದ್ದ ಆದಿತ್ಯ ಸರ್ವಟೆ! ಇಬ್ಬರೂ ತಮ್ಮ ಟೋಪಿಗೆ ಕೊರತೆ ಮಾಡಲಿಲ್ಲ. 2025ರಲ್ಲಿ ಕರುಣ್ ಎಂಟು ವರ್ಷಗಳ ಮೇಲೆ ಭಾರತ ತಂಡಕ್ಕೆ ಮರಳಿದರು. ಅದೇ ವರ್ಷ ಕರ್ನಾಟಕ ತಂಡಕ್ಕೂ ಹಿಂತಿರುಗಿದರು.

ಹಾಗಾದರೆ ಮುಂದಿನ ಪಂದ್ಯದಲ್ಲಿ ಗೆಲ್ಲುವವರು ಯಾರು? ಜ್ಯೋತಿಷ್ಯ ಹೇಳುವ ಧೈರ್ಯ ನನಗಿಲ್ಲ. ಹಳೆಯ ಲೆಕ್ಕ ಹೇಳುವುದನ್ನಷ್ಟೇ ಮುಂದಿಡುತ್ತೇನೆ. ರಣಜಿಯ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನ ಮುನ್ನಡೆಯೇ ತೀರ್ಪು. ಕೇರಳದ ಮೇಲೆ ವಿದರ್ಭ ಗೆದ್ದದ್ದು ಬರಿಯ 37 ರನ್ನುಗಳ ಮುನ್ನಡೆಯಿಂದ. ಮೊದಲೆರಡು ದಿನ ತಾಳ್ಮೆಯಿಂದ ಆಡುವುದು ಅವರಿಗೆ ಕರಗತವಾಗಿದೆ. ಎರಡನೆಯದು ಎಡಗೈ ಸ್ಪಿನ್. 2024-25ರ ಒಂದೇ ಋತುವಿನಲ್ಲಿ 69 ವಿಕೆಟ್ ಕಿತ್ತು ಹೊಸ ದಾಖಲೆ ಬರೆದ ಹರ್ಷ್ ದುಬೆ ಅವರನ್ನು ನಾಲ್ಕನೆಯ, ಐದನೆಯ ದಿನ ಎದುರಿಸಲು ಕಾಲು ಚುರುಕಾಗಿರಬೇಕು. ಅದೇ ಋತುವಿನಲ್ಲಿ 960 ರನ್ನು ಪೇರಿಸಿದ ಯಶ್ ರಾಠೋಡ್, ಕ್ವಾರ್ಟರ್ ಫೈನಲಿನಲ್ಲಿ ನಮ್ಮ ಮೇಲೆ 93 ಹೊಡೆದವರು.

ಕರ್ನಾಟಕದ ಬಲ ಅದರ ವೇಗದ ಬೌಲರುಗಳಲ್ಲಿದೆ. ಕಲ್ಕತ್ತೆಯಲ್ಲಿ ಮೊದಲ ದಿನವೇ ವಿದರ್ಭವನ್ನು ಕಟ್ಟಿಹಾಕಿದ್ದು ಮಿಥುನರ ಐದು ವಿಕೆಟ್ಟು. ಆದರೆ ಎರಡನೆಯ ಸರದಿಯಲ್ಲಿ ಅದೇ ಎದುರಾಳಿ 313 ಮಾಡಲು ಬಿಟ್ಟದ್ದೇ ಮುಳುವಾಯಿತು. ಎದುರಾಳಿ ಬಿದ್ದನೆಂದು ತಿಳಿದು ಹಿಡಿತ ಸಡಿಲಿಸುವುದು ದೊಡ್ಡ ಹೆಸರಿನ ತಂಡಗಳ ಹಳೆಯ ಕಾಯಿಲೆ. 1974ರಲ್ಲಿ ಅದು ಮುಂಬಯಿಗಿತ್ತು, ನಮಗೆ ಲಾಭವಾಯಿತು. 2017ರಲ್ಲಿ ಅದು ನಮಗೆ ಅಂಟಿಕೊಂಡಿತು, ವಿದರ್ಭಕ್ಕೆ ಲಾಭವಾಯಿತು. ಈ ರೋಗ ಯಾರಿಗೆ ತಗಲುತ್ತದೆಯೋ ಅವರು ಮುಂದಿನ ಪಂದ್ಯದಲ್ಲಿಯೂ ಸೋಲುತ್ತಾರೆ. ಮೂರು ಸಲ ರಣಜಿ ಗೆದ್ದ ಮೇಲೆ ಈಗ ವಿದರ್ಭವೂ ಎಚ್ಚರದಿಂದಿರಬೇಕಾದ ಕಾಲ ಬಂದಿದೆ.

ಇನ್ನು ಮೊಮ್ಮಗನ ಪ್ರಶ್ನೆ. ನಾವು ರೈಲ್ವೆಗೆಂದೋ, ಬ್ಯಾಂಕಿಗೆಂದೋ, ಕೇಂದ್ರ ಸರಕಾರದ ಕಚೇರಿಗೆಂದೋ ಈ ಊರಿಗೆ ಬಂದವರು. ಬಂದಾಗ ಈ ಊರು ನಮ್ಮ ಜಾತಕ ಕೇಳಲಿಲ್ಲ. ಮನೆ ಕೊಟ್ಟಿತು, ಕೆಲಸ ಕೊಟ್ಟಿತು, ಮಕ್ಕಳಿಗೆ ಶಾಲೆ ಕೊಟ್ಟಿತು. ಗಣೇಶ್ ಸತೀಶರಿಗೂ ಕರುಣರಿಗೂ ಅದು ಕೊಟ್ಟದ್ದು ಇಂಥದೇ ಆಸರೆ. ಅವರು ಉಂಡ ಮನೆಗೆ ಎರಡು ಬಗೆಯದೆ ದುಡಿದರು. ಅದಕ್ಕಾಗಿ ಅವರನ್ನು ಕನ್ನಡ ದ್ರೋಹಿಗಳೆಂದು ನಾವ್ಯಾರೂ ಕರೆಯಲಿಲ್ಲ. ಅಂದಮೇಲೆ ಇಲ್ಲೇ ಹುಟ್ಟಿದ ಮಗು ವಿದರ್ಭಕ್ಕೆ ಚಪ್ಪಾಳೆ ತಟ್ಟಿದರೆ ಅಜ್ಜ ಮುಖ ಊದಿಸಿಕೊಳ್ಳುವುದು ಯಾವ ನ್ಯಾಯ? ಹಾಗೆಂದು ಅಜ್ಜನ ಕರ್ನಾಟಕ ಪ್ರೇಮವನ್ನು ಮಗು ಹಳೆಯ ಕಾಲದ ಹಟವೆಂದು ತಳ್ಳಿಹಾಕಬೇಕಾಗಿಯೂ ಇಲ್ಲ. ಮದುವೆಯಾದ ಹೆಣ್ಣುಮಗಳಿಗೆ ತವರು ಬೇಕೋ ಅತ್ತೆಯ ಮನೆ ಬೇಕೋ ಎಂದು ತಿಳಿದವರು ಕೇಳುವುದಿಲ್ಲ.

ಜಾಮಠಾ ಮೈದಾನ ಇರುವ ವರ್ಧಾ ರಸ್ತೆ 44ನೆಯ ರಾಷ್ಟ್ರೀಯ ಹೆದ್ದಾರಿಯ ತುಂಡು. ಅದರಲ್ಲೇ ದಕ್ಷಿಣಕ್ಕೆ ಹೊರಟರೆ ಹೈದರಾಬಾದ್ ಹಾದು ನೇರವಾಗಿ ಬೆಂಗಳೂರು ಮುಟ್ಟಬಹುದು. ಎರಡು ತಂಡಗಳು ಮುಂದೆ ಅಲ್ಲಿ ಎದುರಾದಾಗ ಸಂಘದ ಸದಸ್ಯರೆಲ್ಲ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಮನೆಮಂದಿಯೊಡನೆ ಬರಬೇಕೆಂದು ನನ್ನ ವಿನಂತಿ. ನಾನು ಕರ್ನಾಟಕದ ಕಡೆ, ಮೊಮ್ಮಗ ವಿದರ್ಭದ ಕಡೆ. ಕುಳಿತುಕೊಳ್ಳುವುದು ಮಾತ್ರ ಒಂದೇ ಸಾಲಿನಲ್ಲಿ. ಯಾರೇ ಸೋತರೂ ಈ ಸಲ ನಾನು ಎದ್ದು ಹೋಗುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೇನೆ.