ಬಚ್ಚಲ ನೀರಿಗೆ ಅರಳಿದ ಹಿತ್ತಲು

ಗದಗ ಸೀಮೆ ಎಂದೊಡನೆ ನೆನಪಾಗುವುದು ಎರೆಹೊಲ, ಹತ್ತಿ, ಒಣಮೆಣಸಿನಕಾಯಿ ಹಾಗೂ ಬೆಟಗೇರಿಯ ಮಗ್ಗ. ಹೂವಿನ ನೆನಪು ಬರುವುದು ಅಪರೂಪ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆಯಷ್ಟೇ ಕಾಣುವ ಈ ಬಯಲುನಾಡಿನಲ್ಲಿ ಕುಡಿಯುವ ನೀರೇ ದೊಡ್ಡ ಚಿಂತೆ. ಆದರೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಓಣಿಗಳಲ್ಲಿ ತುಳಸಿಕಟ್ಟೆಯ ಪಕ್ಕ ಒಂದು ಮಲ್ಲಿಗೆ ಬಳ್ಳಿ, ಗೋಡೆಯ ಬದಿಗೆ ಒಂದು ದಾಸವಾಳ ಇಲ್ಲದ ಹಿತ್ತಲು ವಿರಳವಾಗಿತ್ತು. ಈ ಹೂಗಳು ಎಲ್ಲಿಂದ ಬಂದವು? ನೀರಿಲ್ಲದ ಊರಿನಲ್ಲಿ ಹೇಗೆ ಉಳಿದವು?

ಇಲ್ಲಿ ಹೂವಿನ ಬಳಕೆ ಬಹಳ ಹಳೆಯದು. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಸುಮಾರು ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ಕಾವ್ಯಭಾಷೆ ಈ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ; ಬನವಾಸಿಯ ಮಲ್ಲಿಗೆಗೆ ಹಂಬಲಿಸಿದವನೂ ಅವನೇ. ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹೂಮಾಲೆ ಧರಿಸುವುದೂ ಅರಸನ ಭೋಗಗಳಲ್ಲಿ ಒಂದು. ದೇವರ ನಿತ್ಯಪೂಜೆಗೆಂದು ‘ಪೂದೋಂಟ’ಕ್ಕೆ ಭೂಮಿ ಬಿಟ್ಟ ಸಂಗತಿ ಆ ಕಾಲದ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೂ ಬೆಳೆದು ಮಾಲೆ ಕಟ್ಟುವುದನ್ನೇ ವೃತ್ತಿಯಾಗಿಸಿಕೊಂಡ ಹೂಗಾರರು ಮನೆಮನೆಗೆ ಹೂವು, ಪತ್ರಿ ಕೊಟ್ಟು, ಸುಗ್ಗಿಯಲ್ಲಿ ಕಾಳು ಪಡೆಯುವ ರೂಢಿಯೂ ಈ ಭಾಗದಲ್ಲಿತ್ತು.

ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹೂವಿನ ಹಡಗಲಿ. ಅಲ್ಲಿನ ಹೂವು ಹರಿಗೋಲುಗಳಲ್ಲಿ ವಿಜಯನಗರಕ್ಕೆ ಹೋಗುತ್ತಿತ್ತು ಎಂದು ಪ್ರತೀತಿ. 1443ರಲ್ಲಿ ವಿಜಯನಗರ ಕಂಡ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿನವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಹಡಗಲಿ ಮಲ್ಲಿಗೆಗೆ ಈಗ ಮೈಸೂರು, ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಗುರುತು ದೊರೆತಿದೆ. 

ಆದರೆ ಹಿತ್ತಲ ಹೂಗಳೆಲ್ಲ ಇಲ್ಲಿಯವೇ ಅಲ್ಲ. ದಸರೆ, ದೀಪಾವಳಿಗೆ ಬೇಕೇಬೇಕಾದ ಚೆಂಡುಹೂವಿನ ತವರು ಮೆಕ್ಸಿಕೋ. ಸಂಜೆಗೆ ಅರಳುವ ಗುಲಬಾಕ್ಷಿ, ಮದುವೆ ಹಾರದ ಸುಗಂಧರಾಜ ಕೂಡ ಅಮೆರಿಕ ಖಂಡದವು. ಕೊಲಂಬಸನ 1492ರ ಯಾನಕ್ಕೂ ಮುಂಚೆ ಇವು ಭಾರತಕ್ಕೆ ಬಂದಿರಲಾರವು. ಸದಾಪುಷ್ಪ ಮಡಗಾಸ್ಕರದ್ದು; ಶಾವಂತಿಗೆಯ ಮೂಲ ಚೀನಾ. ಅಬ್ಬಲಿಗೆ, ಸಂಪಿಗೆ, ಪಾರಿಜಾತ, ತುಂಬೆ ಮಾತ್ರ ನಮ್ಮ ನೆಲದವೇ. ದೂರದಿಂದ ಬಂದ ಹೂವನ್ನು ಕೆಲವೇ ತಲೆಮಾರುಗಳಲ್ಲಿ ದೇವರ ಮುಡಿಗೇರಿಸಿಕೊಂಡ ಈ ಸಂಸ್ಕೃತಿ ಹುಟ್ಟೂರು ಕೇಳಿ ಹೂವನ್ನು ಆರಿಸಲಿಲ್ಲ ಎಂಬುದು ಗಮನಾರ್ಹ.

ಹಿತ್ತಲಿಗೆ ತನ್ನದೇ ಪಂಚಾಂಗವಿದೆ. ಯುಗಾದಿಗೆ ಬೇವಿನ ಹೂವು. ಅದರ ಜೊತೆಜೊತೆಗೇ ದುಂಡುಮಲ್ಲಿಗೆ ಆರಂಭವಾಗಿ ಬೇಸಿಗೆಯುದ್ದಕ್ಕೂ ಸಾಗುತ್ತದೆ. ಬಿಸಿಲು ಹೆಚ್ಚಿದಂತೆ ಮೊಗ್ಗೂ ಹೆಚ್ಚು. ಶ್ರಾವಣದಲ್ಲಿ ದಾಸವಾಳ, ಕಣಗಿಲೆ. ಪಂಚಮಿಯ ಜೋಕಾಲಿ ಆಡುವ ಹೆಣ್ಣುಮಕ್ಕಳ ಜಡೆಗೆ ಕೇದಗೆ. ದೀಪಾವಳಿಗೆ ಸಗಣಿಯ ಪಾಂಡವರನ್ನು ಸಿಂಗರಿಸಲು ಚೆಂಡುಹೂವು, ಉತ್ತರಾಣಿ ಕಡ್ಡಿ. ರಾತ್ರಿ ಉದ್ದವಾದಾಗಲೇ ಮೊಗ್ಗು ಕಟ್ಟುವ ಶಾವಂತಿಗೆಗೆ ಚಳಿಗಾಲವೇ ಕಾಲ. ಅದೇ ಹೊತ್ತಿಗೆ ಮಲ್ಲಿಗೆ ಬಳ್ಳಿಗೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಕತ್ತರಿಸಿ ಬಿಡುವುದು ರೂಢಿ. ಮತ್ತೆ ನೀರು ಕೊಟ್ಟಾಗ ಹೊಸ ಚಿಗುರು ಒಡೆದು, ಚಿಗುರಿನ ತುದಿಯಲ್ಲಿ ಮೊಗ್ಗು ಮೂಡುತ್ತದೆ.

ಆ ನೀರು ಬರುತ್ತಿದ್ದುದು ಬಚ್ಚಲಿನಿಂದ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಯಾವುದೂ ಗಟಾರಕ್ಕೆ ಹೋಗುತ್ತಿರಲಿಲ್ಲ. ಬಚ್ಚಲ ಗೋಡೆಯ ತೂತಿನಾಚೆ ಸಣ್ಣ ಕಾಲುವೆ ತೆಗೆದು, ಅದರ ದಾರಿಯಲ್ಲಿ ಬಾಳೆ, ಮಲ್ಲಿಗೆ, ಕೆಸುವು ನೆಡುತ್ತಿದ್ದರು. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ಗುಂಡಿಗೆ ಮಸಾರಿ ಮಣ್ಣು, ಮರಳು, ತಿಪ್ಪೆಗೊಬ್ಬರ ಬೆರೆಸಿ ತುಂಬುತ್ತಿದ್ದರು. ಗದಗ-ಬೆಟಗೇರಿಯ ಜನ ನಲ್ಲಿ ನೀರಿಗಾಗಿ ವಾರಗಟ್ಟಲೆ ಕಾದ ವರ್ಷಗಳಲ್ಲೂ ಹಲವು ಮನೆಗಳ ಮಲ್ಲಿಗೆ ಬದುಕಿದ್ದು ಈ ಲೆಕ್ಕಾಚಾರದಿಂದ. ಒಂದೇ ಕೊಡ ನೀರು ಮನುಷ್ಯನಿಗೂ ಗಿಡಕ್ಕೂ ಸಲ್ಲುತ್ತಿತ್ತು.

ಈ ತೋಟಗಳಿಗೆ ನರ್ಸರಿಯ ಹಂಗಿರಲಿಲ್ಲ. ಮಲ್ಲಿಗೆ, ದಾಸವಾಳಗಳ ಟೊಂಗೆ, ಶಾವಂತಿಗೆಯ ಬುಡದ ಸಸಿ, ಚೆಂಡುಹೂವಿನ ಒಣಗಿದ ಎಸಳು-ಬೀಜ ನೆರೆಮನೆಯಿಂದ ನೆರೆಮನೆಗೆ, ತವರಿನಿಂದ ಗಂಡನ ಮನೆಗೆ ಹೋಗುತ್ತಿದ್ದವು. ಬೆಳಗಿನಲ್ಲಿ ಬಿಡಿಸಿದ ಹೂವಿನಲ್ಲಿ ಪಾಲು ಕೊಡುವುದೂ ಓಣಿಯ ನಡವಳಿಕೆ. ಅರಳಿದ ಹೂವಿಗೆ ಜಾತಿ-ಮತದ ಬೇಲಿಯೂ ಇರಲಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರನಿಗೂ ದೂದಪೀರಾಂ ದರ್ಗಾಕ್ಕೂ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಸಲ್ಲುವುದು ಇದೇ ಹೂವು.

ಈಗ ಹಿತ್ತಲುಗಳೇ ಕಿರಿದಾಗುತ್ತಿವೆ. ಅಣ್ಣತಮ್ಮಂದಿರ ಪಾಲಿನಲ್ಲಿ ಮೊದಲು ಕರಗುವುದು ಹಿತ್ತಲು. ಉಳಿದ ಜಾಗಕ್ಕೆ ಫರಸಿ ಅಥವಾ ಕಾಂಕ್ರೀಟು. ಬಚ್ಚಲ ನೀರು ಪೈಪಿನಲ್ಲಿ ಹರಿದು ಕಣ್ಮರೆಯಾಗುತ್ತದೆ. ಇಂದಿನ ಡಿಟರ್ಜೆಂಟ್ ಬೆರೆತ ನೀರು ಎಲ್ಲ ಗಿಡಕ್ಕೂ ಒಗ್ಗುವುದಿಲ್ಲ. ಹೂವು ಮೊಳದ ಲೆಕ್ಕದಲ್ಲಿ ಪೇಟೆಯಿಂದ ಬರುತ್ತದೆ. ಹೂವಿನ ಕೊರತೆಯೇನೂ ಆಗಿಲ್ಲ. ಕೊರತೆಯಾಗುತ್ತಿರುವುದು ಯಾವ ಮಣ್ಣಿಗೆ ಏನು ಬೆರೆಸಬೇಕು, ಯಾವ ತಿಂಗಳು ಬಳ್ಳಿ ಕತ್ತರಿಸಬೇಕು, ಯಾವ ನೀರನ್ನು ಯಾವ ಗಿಡಕ್ಕೆ ಹಾಕಬೇಕು ಎಂಬ ಅರಿವು. ಅದನ್ನು ಹೆಣ್ಣುಮಕ್ಕಳು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರೇ ಹೊರತು ಬರೆದಿಟ್ಟವರು ಕಡಿಮೆ.

ಹಾಗೆಂದು ಎಲ್ಲವೂ ಮುಗಿದಿಲ್ಲ. ತಾರಸಿಯ ಮೇಲೆ ಒಡೆದ ಕೊಡ, ಹಳೆಯ ಬಣ್ಣದ ಡಬ್ಬಿಗಳಲ್ಲಿ ಮಲ್ಲಿಗೆ, ಶಾವಂತಿಗೆ ಮತ್ತೆ ಕಾಣುತ್ತಿವೆ. ಅಕ್ಕಿ ತೊಳೆದ ನೀರು ಇಂದಿಗೂ ಪ್ರತಿ ಮನೆಯಲ್ಲಿದೆ. ಬರದ ಸೀಮೆಯಲ್ಲಿ ಹೂ ಬೆಳೆಸಿದವರಿಗೆ ಬೇಕಾಗಿದ್ದುದೂ ಅಷ್ಟೇ ನೀರು, ಒಂದು ಗೇಣು ಜಾಗ ಮತ್ತು ಟೊಂಗೆ ಮುರಿದುಕೊಡುವ ನೆರೆಯವರು.